ನಾಳಿನ ಕನ್ನಡಕ, ನಿನ್ನೆಯ ಕಣ್ಣು

ಟಿ. ನಗರದ ಆರ್ಕಾಟ್ ಬೀದಿಯಲ್ಲಿ ಎಂ. ಜಿ. ರಾಮಚಂದ್ರನ್ ಅವರ ಸ್ಮಾರಕ ಗೃಹವಿದೆ. ಕಪ್ಪು ಕನ್ನಡಕವಿಲ್ಲದೆ ಅವರ ಮುಖವನ್ನು ನೆನೆಯುವುದು ಇಲ್ಲಿನವರಿಗೆ ಕಷ್ಟ. 1970ರ ಒಸಾಕಾ ವಿಶ್ವ ವಸ್ತುಪ್ರದರ್ಶನದ ದೃಶ್ಯಗಳನ್ನೊಳಗೊಂಡು 1973ರಲ್ಲಿ ತೆರೆಕಂಡ ಅವರ ‘ಉಲಗಂ ಸುಟ್ರುಂ ವಾಲಿಬನ್’, ಮಿಂಚಿನ ಶಕ್ತಿಯನ್ನು ಹಿಡಿದಿಟ್ಟ ವಿಜ್ಞಾನಿಯೊಬ್ಬನ ಕಥೆ. ಭವಿಷ್ಯದ ಬಗೆಗೆ ಇಂಥದೇ ಉತ್ಸಾಹವಿದ್ದ ಕಾಲದಲ್ಲಿ ಹುಟ್ಟಿದ ‘ನಾಳಿನ ಮಾದರಿ’ಯ ತಂಪು ಕನ್ನಡಕಗಳನ್ನು ಇಂದು ಸಂಗ್ರಹಿಸುವವರಿದ್ದಾರೆ. ಈ ಸಂಗ್ರಹದ ಮೌಲ್ಯವೇನು?

ಆಕಾರದ ವೈಚಿತ್ರ್ಯವೇ ಮೌಲ್ಯವೆಂಬುದು ರೂಢಿಯ ಮತ. ಅದನ್ನು ಒಪ್ಪಲಾಗದು. ಪ್ಯಾರಿಸಿನ ಆಂದ್ರೆ ಕುರೇಜ್ 1965ರಲ್ಲಿ ರೂಪಿಸಿದ ಕನ್ನಡಕವನ್ನು ಪರಿಶೀಲಿಸೋಣ. ಗಾಜಿರಬೇಕಾದಲ್ಲಿ ಬಿಳಿಯ ಪ್ಲಾಸ್ಟಿಕ್. ನೋಡಲು ಕಿರಿದಾದ ಸೀಳು ಮಾತ್ರ. ಚಂದ್ರಯಾನದ ಕನಸು ಕಾಣುತ್ತಿದ್ದ ಕಾಲಕ್ಕೆ ಅದು ಗಗನಯಾತ್ರಿಯ ತೊಡುಗೆಯಂತೆ ತೋರಿತು. ಆದರೆ ಹಿಮದ ಪ್ರಖರ ಬೆಳಕಿನಿಂದ ಕಣ್ಣನ್ನು ಕಾಪಾಡಿಕೊಳ್ಳಲು, ಉತ್ತರಧ್ರುವ ಪ್ರದೇಶದ ಇನ್ಯುಯಿಟ್ ಜನರು ಮೂಳೆ, ದಂತ, ಮರಗಳಲ್ಲಿ ಇಂಥ ಸೀಳನ್ನು ಶತಮಾನಗಳ ಹಿಂದೆಯೇ ಕೊರೆದಿದ್ದರು. ಅಲ್ಲಿ ಅಗತ್ಯದಿಂದ ಹುಟ್ಟಿದ ರೂಪವು ಪ್ಯಾರಿಸಿನಲ್ಲಿ ಅಲಂಕಾರವಾಯಿತು. ವಸ್ತುವನ್ನಷ್ಟೇ ನೋಡಿದವನಿಗೆ ಈ ಪೂರ್ವೇತಿಹಾಸ ದೊರೆಯದು.

ಆದುದರಿಂದ ತಯಾರಾದ ವರ್ಷ, ಬಳಸಿದ ಸಾಮಗ್ರಿ, ಧರಿಸಿದ ಸಂದರ್ಭ ಈ ಮೂರನ್ನೂ ಸಂಗ್ರಾಹಕನು ಬರೆದಿಡತಕ್ಕದ್ದು. ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಉಳಿದಿರುವ ಹಿರಿಯರ ಕನ್ನಡಕಗಳಿಗೂ ಈ ಮಾತು ಸಲ್ಲುತ್ತದೆ. ಯಾವ ನಾಳೆಯನ್ನು ನಿರೀಕ್ಷಿಸಿ ಅವರು ಕನ್ನಡನಾಡಿನಿಂದ ಈ ಊರಿಗೆ ಬಂದರೆಂಬುದನ್ನು ಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು. ಆ ವಿವರವಿಲ್ಲದಿದ್ದರೆ ಪೆಟ್ಟಿಗೆಯಲ್ಲಿ ಉಳಿಯುವುದು ಹಳೆಯ ಸಾಮಾನು ಮಾತ್ರ.