ಕೊಟ್ಟಿಗೆ ಗೊಬ್ಬರದ ‘ನೂರಕ್ಕೆ ಅರ್ಧ’: ಒಂದು ವಿಮರ್ಶೆ

ಕೃಷಿ ರಸಾಯನವನ್ನು ಕುರಿತ ನಮ್ಮ ಪಠ್ಯಗ್ರಂಥಗಳಲ್ಲಿ ಒಂದು ಅಂಕಿ ತಲೆಮಾರುಗಳಿಂದ ಅಲುಗದೆ ನಿಂತಿದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕವು ನೂರಕ್ಕೆ 0.5, ರಂಜಕಾಮ್ಲವು 0.2, ಪೊಟ್ಯಾಷು 0.5. ವಿದ್ಯಾರ್ಥಿಯು ಇದನ್ನು ಕಂಠಪಾಠ ಮಾಡಿ, ಹೆಕ್ಟೇರಿಗೆ 10 ಟನ್ ಗೊಬ್ಬರ ಹಾಕಿದರೆ 50 ಕಿಲೋಗ್ರಾಂ ಸಾರಜನಕ ಭೂಮಿಗೆ ಸೇರಿತೆಂದು ಬರೆಯುತ್ತಾನೆ. ಗುಣಾಕಾರವೇನೋ ಸರಿಯಾಗಿದೆ. ‘ಸೇರಿತು’ ಎಂಬ ಕ್ರಿಯಾಪದವನ್ನು ಯಾರೂ ಪರೀಕ್ಷಿಸುವುದಿಲ್ಲ.

ರಾಸುವು ವಿಸರ್ಜಿಸುವ ಸಾರಜನಕದಲ್ಲಿ ಸುಮಾರು ಅರ್ಧದಷ್ಟು ಗಂಜಲದಲ್ಲಿರುತ್ತದೆ. ಅದರ ಹೆಚ್ಚಿನ ಭಾಗ ಯೂರಿಯಾ. ಸಗಣಿಯಲ್ಲಿರುವ ಯೂರಿಯೇಸ್ ಎಂಬ ಕಿಣ್ವದ ಸೋಂಕು ತಗಲಿದೊಡನೆ ಆ ಯೂರಿಯಾ ಕೆಲವೇ ಗಂಟೆಗಳಲ್ಲಿ ಅಮೋನಿಯಂ ಆಗಿ ಒಡೆಯುತ್ತದೆ. ಕ್ಷಾರಗುಣವೂ ಬಿಸಿಲೂ ಗಾಳಿಯೂ ಒಟ್ಟುಗೂಡಿದಲ್ಲಿ ಅದು ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ನೆಲದ ಮೇಲೆ ಹರಡಿದ ಗೊಬ್ಬರದಲ್ಲಿ ಈ ನಷ್ಟದ ದೊಡ್ಡ ಪಾಲು ಮೊದಲ ಒಂದೆರಡು ದಿನಗಳಲ್ಲಿಯೇ ಮುಗಿದುಹೋಗುವುದು. ಮಲೆನಾಡಿನ ಮಣ್ಣು ಆಮ್ಲೀಯವಾದುದರಿಂದ ಇಲ್ಲಿ ಈ ಭಯವಿಲ್ಲವೆಂದು ಹೇಳುವವರುಂಟು. ಇದು ಅರ್ಧ ವಾದ. ಗೊಬ್ಬರವು ಮಣ್ಣಿನೊಡನೆ ಬೆರೆಯುವವರೆಗೆ ಅದರ ಗುಣವನ್ನು ನಿರ್ಧರಿಸುವುದು ಅದರದೇ ಕ್ಷಾರತೆ; ಕೆಳಗಿನ ಮಣ್ಣಿನ ಆಮ್ಲತೆ ಅದಕ್ಕೆ ಎಟುಕುವುದಿಲ್ಲ.

ಗೊಬ್ಬರದ ನಷ್ಟವನ್ನು ಕುರಿತು ನಮ್ಮ ದೇಶದಲ್ಲಿ ನಡೆದ ಚರ್ಚೆ ಬಹುಕಾಲ ಒಲೆಯ ಸುತ್ತಲೇ ತಿರುಗಿತು. ವೋಲ್ಕರ್ ಅವರ 1893ರ ವರದಿಯು ಸಗಣಿ ಬೆರಣಿಯಾಗಿ ಸುಟ್ಟುಹೋಗುವುದನ್ನು ಎತ್ತಿ ತೋರಿಸಿತು. ಸೌದೆ ಸಿಕ್ಕುವಲ್ಲಿ ರೈತನು ಸಗಣಿಯನ್ನು ಹೊಲಕ್ಕೇ ಹಾಕುತ್ತಾನೆಂದು ನ್ಯಾಯವಾಗಿಯೇ ಹೇಳಿತು. ಆದರೆ ಹೊಗೆಯಾಗಿ ಹೋದದ್ದು ಕಣ್ಣಿಗೆ ಬೀಳುತ್ತದೆ, ಅಮೋನಿಯಾ ಕಾಣುವುದಿಲ್ಲ. 1931ರಲ್ಲಿ ಪ್ರಕಟವಾದ ಹೋವರ್ಡ್ ಮತ್ತು ವಾಡ್ ಅವರ ಗ್ರಂಥದಲ್ಲಿ ಗಂಜಲ ಹೀರಿದ ಕೊಟ್ಟಿಗೆಯ ಮಣ್ಣಿಗೂ ಸ್ಥಾನ ದೊರೆಯಿತು. ಅದು ಅವರ ಹಿರಿಮೆ. ಆದರೂ ಅವರ ಇಂದೂರು ಪದ್ಧತಿಯಲ್ಲಿ ರಾಶಿಯನ್ನು ಮತ್ತೆ ಮತ್ತೆ ತಿರುವಿಹಾಕಬೇಕು. ತಿರುವಿದಷ್ಟೂ ಸಾರಜನಕ ಕಳೆದುಕೊಳ್ಳುವ ಅಪಾಯವುಂಟು. 1939ರಲ್ಲಿ ಸಿ. ಎನ್. ಆಚಾರ್ಯರು ರೂಪಿಸಿದ ಬೆಂಗಳೂರು ಪದ್ಧತಿಯು ಗುಂಡಿಯನ್ನು ಮಣ್ಣಿನಿಂದ ಮುಚ್ಚಿ ಈ ಬಾಗಿಲನ್ನು ಬಹುಮಟ್ಟಿಗೆ ಹಾಕಿತು. ಇವೆಲ್ಲವೂ ಗೊಬ್ಬರ ಕಳಿಯುವವರೆಗಿನ ಕಥೆ. ಗಾಡಿ ಹೊಲ ಮುಟ್ಟಿದ ಮೇಲೆ ಏನಾಯಿತೆಂಬ ಪ್ರಶ್ನೆಗೆ ನಮ್ಮ ಪಠ್ಯಗಳು ಒಂದು ವಾಕ್ಯಕ್ಕಿಂತ ಹೆಚ್ಚು ವ್ಯಯಿಸಿರುವುದು ಅಪರೂಪ.

ಸಾಗರ, ಹೊಸನಗರಗಳ ಅಡಕೆ ಬೆಳೆಗಾರರ ರೂಢಿಯನ್ನು ಇಲ್ಲಿ ನೆನೆಯಬೇಕು. ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪನ್ನೂ ದರಕನ್ನೂ ಕೊಟ್ಟಿಗೆಯಲ್ಲಿ ಹಾಸುವುದರಿಂದ ಗಂಜಲ ಹಾಸಿಗೆಯಲ್ಲಿಯೇ ಇಂಗುತ್ತದೆ. ಇಂಗಾಲ ಹೇರಳವಾಗಿರುವ ಎಲೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಅಮೋನಿಯಂ ಅನ್ನು ತಮ್ಮ ಒಡಲಿಗೆ ಸೆಳೆದುಕೊಳ್ಳುತ್ತವೆ. ಹುಲ್ಲು ಮೇದು ಬರುವ ಮಲೆನಾಡು ಗಿಡ್ಡ ತಳಿಗೂ ಹಿಂಡಿ ತಿಂದು ಹಾಲು ಕರೆಯುವ ಮಿಶ್ರತಳಿಗೂ ಒಂದೇ ‘0.5’ ಅನ್ನು ಅನ್ವಯಿಸುವುದು ಹೇಗೆ? ಮೇವಿನಲ್ಲಿ ಮಿಕ್ಕ ಸಸಾರಜನಕವೆಲ್ಲ ಗಂಜಲಕ್ಕೇ ಇಳಿಯುತ್ತದೆ. ಹಾರಿಹೋಗಬಲ್ಲ ಪಾಲು ಅಲ್ಲಿಯೇ ಬೆಳೆಯುತ್ತದೆ. ಶಿವಮೊಗ್ಗ, ಭದ್ರಾವತಿಗಳ ಅಂಚಿನಲ್ಲಿ ಸಿಮೆಂಟು ನೆಲದ ಕೊಟ್ಟಿಗೆಯನ್ನು ನೀರು ಹೊಯ್ದು ತೊಳೆಯುವ ಹಾಲಿನ ಉದ್ಯೋಗಕ್ಕೆ ಮಲೆನಾಡಿನ ಹಾಸಿಗೆಯ ಅಂಕಿ ಸಲ್ಲದು.

ಭದ್ರಾ ನಾಲೆಯ ಬಯಲಿನ ಗದ್ದೆಗಳನ್ನೇ ತೆಗೆದುಕೊಳ್ಳೋಣ. ತಿಪ್ಪೆಯ ಗೊಬ್ಬರವನ್ನು ಬೇಸಗೆಯಲ್ಲಿ ಹೊಡೆದು, ಸಣ್ಣ ಗುಡ್ಡೆಗಳಾಗಿ ಸುರಿದು, ಹರಡಿ, ಮಳೆಗೋ ನೀರಿಗೋ ಕಾದು ಉಳುವುದುಂಟು. ಮೇಲೆ ಹೇಳಿದ 50 ಕಿಲೋಗ್ರಾಂನಲ್ಲಿ ಕಾಲುಭಾಗ ಅಮೋನಿಯಂ ರೂಪದಲ್ಲಿದೆಯೆಂದೂ ಅದರ ಅರ್ಧ ಹಾರಿತೆಂದೂ ಇಟ್ಟುಕೊಂಡರೆ ನಷ್ಟ 6 ಕಿಲೋಗ್ರಾಂ ಮೀರುತ್ತದೆ. ಅಂದರೆ 13ರಿಂದ 14 ಕಿಲೋಗ್ರಾಂ ಯೂರಿಯಾದ ಸಾರ. ಚೆನ್ನಾಗಿ ಕಳಿತ ಒಣ ಗೊಬ್ಬರದಲ್ಲಿ ಇದು ಇನ್ನೂ ಕಡಿಮೆ. ಯೂರೋಪಿನ ಪ್ರಯೋಗಗಳ ಭಾರಿ ಅಂಕಿಗಳು ಬಹುತೇಕ ದ್ರವಗೊಬ್ಬರಕ್ಕೆ ಸೇರಿದವು; ಅಲ್ಲಿ ಸುಮಾರು ಅರ್ಧ ಸಾರಜನಕ ಅಮೋನಿಯಂ ಆಗಿರುತ್ತದೆ. ಅವನ್ನು ನಮ್ಮ ತಿಪ್ಪೆಗೆ ಹಾಗೆಯೇ ಹೊದಿಸುವ ಉಪನ್ಯಾಸಕರೂ ಉಂಟು. ‘ನೂರಕ್ಕೆ ಅರ್ಧ’ದ ಭಕ್ತರಿಗಿಂತ ಅವರೇನೂ ಮೇಲಲ್ಲ.

ಆ ಅಂಕಿಗಳು ನಿಜವಾಗಿ ಸಲ್ಲುವುದು ಗೋಬರ್ ಗ್ಯಾಸಿನ ಬಗ್ಗಡಕ್ಕೆ. ಅನಿಲ ತೆಗೆದ ಮೇಲೂ ಸಾರಜನಕ ಉಳಿದಿರುತ್ತದೆಂದು ಪ್ರಚಾರ ಪುಸ್ತಿಕೆಗಳು ಹೊಗಳುತ್ತವೆ, ಅದು ನಿಜ. ಆದರೆ ತೊಟ್ಟಿಯೊಳಗೆ ಅಮೋನಿಯಂನ ಪಾಲೂ ಕ್ಷಾರತೆಯೂ ಏರಿರುತ್ತವೆ. ಅದನ್ನೇ ಅಂಗಳದಲ್ಲಿ ಒಣಗಿಸಿ ಹೊಲಕ್ಕೆ ಸಾಗಿಸಿದರೆ ಹೊಗಳಿಕೆಗೆ ಪಾತ್ರವಾದ ಅಂಶವೇ ಮೊದಲು ಹೊರಟುಹೋಗುತ್ತದೆ. ಬಗ್ಗಡವನ್ನು ಹಸಿಯಾಗಿ, ಸಂಜೆಯ ತಂಪಿನಲ್ಲಿ, ಸಾಲಿಗೆ ಬಿಟ್ಟು ಆಗಲೇ ಮಣ್ಣು ಮುಚ್ಚುವುದು ಕಷ್ಟದ ಕೆಲಸವಲ್ಲ.

ಗದ್ದೆಗೆ ನೀರು ನಿಂತಮೇಲೆ ನೈಟ್ರೇಟು ಒಡೆದು ಸಾರಜನಕ ಅನಿಲವಾಗಿ, ಕೊಂಚ ನೈಟ್ರಸ್ ಆಕ್ಸೈಡಾಗಿ ಹೋಗುವುದು ಬೇರೊಂದು ಮಾರ್ಗ. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕು.

ಇನ್ನು ಪ್ರಯೋಗಶಾಲೆಯ ಮಾತು. 1883ರಲ್ಲಿ ಬಂದ ಕೆಲ್ಡಾಲ್ ವಿಧಾನದಲ್ಲಿ ದೋಷವಿಲ್ಲ. ದೋಷ ಅದಕ್ಕೆ ಮುಂಚಿನ ಒಲೆಯಲ್ಲಿದೆ. ಗೊಬ್ಬರದ ಮಾದರಿಯನ್ನು 105 ಡಿಗ್ರಿಯಲ್ಲಿ ಒಣಗಿಸಿ ಪುಡಿಮಾಡಿ ಅಳೆದರೆ ಅಮೋನಿಯಾ ಒಲೆಯಲ್ಲಿಯೇ ಹೋಗಿ, ಉಳಿದುದಕ್ಕೆ ಮಾತ್ರ ಅಂಕಿ ದೊರೆಯುತ್ತದೆ. ಹರಡುವ ಮುನ್ನಿನ ಮಾದರಿಯೂ ಹರಡಿದ ನಂತರದ ಮಾದರಿಯೂ ಹೀಗೆ ಒಣಗಿ ಬಂದರೆ ಎರಡರ ಅಂಕಿಯೂ ಹತ್ತಿರ ಹತ್ತಿರ ಬಂದು, ಹೊಲದಲ್ಲಿ ನಷ್ಟವೇ ಇಲ್ಲವೆಂಬ ನಿರ್ಣಯ ಹೊರಡುತ್ತದೆ. ಆದುದರಿಂದ ಮಾದರಿಯನ್ನು ಹಸಿಯಾಗಿಯೇ ತೂಗಿ ಗಂಧಕಾಮ್ಲದಲ್ಲಿ ಹಾಕಬೇಕು. ತೇವಾಂಶವನ್ನು ಇನ್ನೊಂದು ಪಾಲಿನಿಂದ ತಿಳಿಯಬೇಕು. ಒಟ್ಟು ಸಾರಜನಕದ ಪಕ್ಕದಲ್ಲಿ ಅಮೋನಿಯಂ ಸಾರಜನಕವನ್ನೂ, ಗೊಬ್ಬರ ಹರಡಿದ ಗಂಟೆಯನ್ನೂ, ಉತ್ತ ಗಂಟೆಯನ್ನೂ ಕೋಷ್ಟಕದಲ್ಲಿ ಬರೆಯಬೇಕು.