ಬೆಲೆಯಿಲ್ಲದ ಸರಕಿನ ಕರಾರು

ಮುಕ್ತ ತಂತ್ರಾಂಶವೆಂದರೆ ಒಡೆಯನಿಲ್ಲದ ಸರಕು ಎಂಬ ಭ್ರಮೆ ವ್ಯಾಪಾರ ವಲಯದಲ್ಲಿ ಬೇರೂರಿದೆ. ರಿಚರ್ಡ್ ಸ್ಟಾಲ್‌ಮನ್ನರ ಜಿಪಿಎಲ್ ಪರವಾನಗಿಯ 2ನೆಯ ಆವೃತ್ತಿಯನ್ನು (1991) ಓದಿದವರಲ್ಲಿ ಆ ಭ್ರಮೆ ಉಳಿಯದು. ಈ ಪತ್ರವು ಬೆಲೆಯನ್ನು ಕೇಳುವುದಿಲ್ಲ, ಕರ್ತವ್ಯವನ್ನು ಕೇಳುತ್ತದೆ. ತಂತ್ರಾಂಶವನ್ನು ತನ್ನ ಅಂಗಡಿಯೊಳಗೇ ಬಳಸುವವನಿಗೆ ಹೊರೆಯಿಲ್ಲ. ಆದರೆ ಅನ್ಯರಿಗೆ ಹಂಚುವವನು ಸೋರ್ಸ್ ಕೋಡ್ ಎಂಬ ಮೂಲಬರಹವನ್ನು ಜೊತೆಗೆ ಕೊಡಬೇಕು, ಇಲ್ಲವೆ ಕೊಡುವೆನೆಂದು ಕನಿಷ್ಠ 3 ವರ್ಷ ಸಲ್ಲುವ ಲಿಖಿತ ಭರವಸೆ ನೀಡಬೇಕು. ತಾನು ಪಡೆದ ಹಕ್ಕನ್ನು ಮುಂದಿನವನಿಗೂ ದಾಟಿಸುವುದೇ ಇದರ ತಿರುಳು.

ಕರಾರನ್ನು ಕಡೆಗಣಿಸಿದರೆ ಆಗುವುದೇನೆಂಬುದಕ್ಕೆ ಲಿಂಕ್‌ಸಿಸ್ ರೌಟರ್‌ಗಳ ಪ್ರಕರಣ ನಿದರ್ಶನ. ಅವುಗಳಲ್ಲಿ ಜಿಪಿಎಲ್ ತಂತ್ರಾಂಶವಿರುವುದು 2003ರಲ್ಲಿ ಬಯಲಾಯಿತು. ಅದೇ ವರ್ಷ ಲಿಂಕ್‌ಸಿಸನ್ನು ಕೊಂಡ ಸಿಸ್ಕೋ ಸಂಸ್ಥೆ ಸರಕಿನೊಡನೆ ಅದರ ಋಣವನ್ನೂ ಕೊಂಡಂತಾಯಿತು. 2008ರ ಡಿಸೆಂಬರಿನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ದಾವೆ ಹೂಡಿತು. 2009ರ ರಾಜಿಯಂತೆ ಸಿಸ್ಕೋ ಪರವಾನಗಿ ಪಾಲನೆಗೆಂದೇ ನಿರ್ದೇಶಕರೊಬ್ಬರನ್ನು ನೇಮಿಸಲು ಒಪ್ಪಿ, ಪ್ರತಿಷ್ಠಾನಕ್ಕೆ ಧನವನ್ನೂ ನೀಡಿತು.

ಪತ್ರದಲ್ಲಿ ಕೊರತೆಯೂ ಉಂಟು. 2ನೆಯ ಆವೃತ್ತಿಯಲ್ಲಿ ತಪ್ಪಿದೊಡನೆ ಹಕ್ಕು ರದ್ದಾಗುತ್ತದೆ. ತಿದ್ದಿಕೊಂಡವನಿಗೆ ಅದು ಮರಳುವ ದಾರಿ ಹೇಳಿಲ್ಲ. ಅರಿಯದೆ ಎಡವಿದವನನ್ನೂ ಬೇಕೆಂದೇ ವಂಚಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. 2007ರ 3ನೆಯ ಆವೃತ್ತಿ ಇದನ್ನು ತಿದ್ದಿತು: ಮೊದಲ ಬಾರಿ ತಪ್ಪಿದವನು ಸೂಚನೆ ತಲುಪಿದ 30 ದಿನಗಳೊಳಗೆ ಸರಿಪಡಿಸಿದರೆ ಹಕ್ಕು ಮರಳುತ್ತದೆ. ಲಿನಕ್ಸ್ ಕರ್ನೆಲ್ ಇಂದಿಗೂ 2ನೆಯ ಆವೃತ್ತಿಯಡಿಯಲ್ಲೇ ಇದ್ದರೂ, ಅದರ ಅನೇಕ ಕರ್ತೃಗಳು 2017ರಲ್ಲಿ ಈ ಅವಕಾಶವನ್ನು ತಾವಾಗಿಯೇ ಘೋಷಿಸಿದುದು ಪ್ರಶಂಸನೀಯ.

ಸರಕಿನೊಳಗಿನ ತಂತ್ರಾಂಶ ಯಾವ ಕರಾರಿನಡಿ ಬಂದಿದೆಯೆಂದು ಖರೀದಿಯ ದಿನವೇ ದಾಸ್ತಾನು ಪುಸ್ತಕದಲ್ಲಿ ಬರೆದಿಟ್ಟು ಅದರಂತೆ ನಡೆಯುವ ವರ್ತಕನಿಗೆ ಆ 30 ದಿನಗಳ ಅಗತ್ಯವೇ ಬೀಳದು.