ಅಭ್ಯರ್ಥಿ ಕಾರಂತರೂ ‘ಬೆಟ್ಟದ ಜೀವ’ವೂ

1989ರ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಸ್ಪರ್ಧಿಸಿ ಸೋತರು. ಪುತ್ತೂರಿನಲ್ಲಿ ಬಾಳಿದವರು, 87ರ ವೃದ್ಧರು. ಸಾಹಿತಿಗೆ ಈ ಉಸಾಬರಿ ಏಕೆಂಬ ಪ್ರಶ್ನೆ ಸಹಜವೇ. ನನಗೆ ತೊಡಕೆನಿಸುವುದು ಬೇರೆ.

‘ಬೆಟ್ಟದ ಜೀವ’ದ ಗೋಪಾಲಯ್ಯನವರು ಕಾಡು ಕಡಿದು ತೋಟವೆಬ್ಬಿಸಿದವರು, ಲೇಖಕರಿಗೆ ಅವರಲ್ಲಿ ಅಪಾರ ಗೌರವ. (ಬರದ ಜತ್ತ ಸೀಮೆಯಲ್ಲಿ, ಗುಡ್ಡಾಪುರದಲ್ಲಿ ಕುಳಿತು ಓದುವ ನಮಗೆ ಆ ಕಾಡು ಪುಸ್ತಕದಲ್ಲಷ್ಟೇ ಪರಿಚಿತ.) ಹಾಗಿದ್ದೂ ಕೈಗಾದಲ್ಲಿ ಕಾಡಿನ ಪಕ್ಷ ವಹಿಸಿದ್ದು ವಿರೋಧಾಭಾಸವೆ? ಅಲ್ಲವೆಂದು ನನ್ನ ಮತ. ಗೋಪಾಲಯ್ಯನವರೊಡನೆ ಕಾಡು ಸೆಣಸಬಲ್ಲುದು. ಆನೆ, ಹುಲಿ, ಮಳೆ ಎಲ್ಲವೂ ಅದರ ಕಡೆಗಿವೆ. ಸ್ಥಾವರದೆದುರು ಅದಕ್ಕೆ ಆ ಅವಕಾಶವಿಲ್ಲ. ಈ ಅಂತರವನ್ನು ಕಾದಂಬರಿ ಸಾವಧಾನವಾಗಿ ತೋರಿಸೀತು. ಚುನಾವಣಾ ಭಾಷಣಕ್ಕೆ ಅದು ಎಟುಕದು. ಸ್ಥಾವರವು 2000ದಲ್ಲಿ ವಾಣಿಜ್ಯಿಕವಾಗಿ ವಿದ್ಯುತ್ತನ್ನು ಕೊಡತೊಡಗಿತು.